ಕಡಲಿಗೆ ಕಲ್ಲು ಹಾಕುವುದು ಲಾಭವೋ, ದಂಡವೋ?

ಪ್ರಶ್ನೆ: ಪ್ರತಿ ಮಳೆಗಾಲವೂ ನಮ್ಮೂರಲ್ಲಿ ಕಡಲ್ಕೊರೆತ. ಲೋಡುಗಟ್ಟಲೆ ಕಲ್ಲು ತಂದು ಹಾಕುತ್ತಾರೆ. ಮರುವರ್ಷ ಮತ್ತೆ ಅದೇ ಕಥೆ. ಇದು ದುಡ್ಡು ದಂಡ ಅಲ್ವಾ?

ಉತ್ತರ: ಎಲ್ಲ ಕಡೆ ದಂಡ ಅಲ್ಲ. ಮರವಂತೆಯನ್ನೇ ನೋಡಿ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ರಸ್ತೆ ಕುಸಿದರೆ ಕರಾವಳಿಯ ಓಡಾಟಕ್ಕೇ ಪೆಟ್ಟು. ಹಾಗಾಗಿ ಖರ್ಚು ಜಾಸ್ತಿಯಾದರೂ ದಂಡೆ ಉಳಿಸಿಕೊಳ್ಳುವುದೇ ಲಾಭ. ನಾಲ್ಕು ಮನೆ, ಒಂದು ತೆಂಗಿನ ತೋಟ ಇರುವಲ್ಲಿ ಲೆಕ್ಕ ಬೇರೆ.

ನನ್ನ ತಕರಾರು ಖರ್ಚು ಬರೆಯುವ ರೀತಿಯ ಬಗ್ಗೆ. ಟಿಪ್ಪರಿನಲ್ಲಿ ಬಂದ ಕಲ್ಲಿನ ಬಿಲ್ಲಷ್ಟೇ ಖರ್ಚಲ್ಲ. ಅಲೆ ಕಲ್ಲಿನ ಗೋಡೆಗೆ ಬಡಿದು ಹಿಂದಿರುಗುವಾಗ ಬುಡದ ಮರಳನ್ನೂ ಎಳೆದೊಯ್ಯುತ್ತದೆ. ಕಲ್ಲು ಹೂತುಹೋಗುತ್ತದೆ, ಮತ್ತೆ ಕಲ್ಲು ಬೇಕು. ಗೋಡೆ ಮುಗಿದಲ್ಲಿಂದಾಚೆ ಕೊರೆತ ಇನ್ನೂ ಜೋರು. ಅಂದರೆ ನಮ್ಮ ನಷ್ಟ ಪಕ್ಕದೂರಿನ ತಲೆಗೆ. ಇನ್ನು ಮರಳ ದಂಡೆಯೇ ಹೋದರೆ ದಡದಿಂದಲೇ ಕೈರಂಪಣಿ ಬಲೆ ಎಳೆಯುವವರು ನಿಲ್ಲುವುದೆಲ್ಲಿ? ನಾಡದೋಣಿ ಎಳೆದಿಡುವುದೆಲ್ಲಿ? ಇದಕ್ಕೆ ಬಿಲ್ಲು ಬರುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಬರುವುದಿಲ್ಲ.

ಉಲ್ಟಾ ತಪ್ಪೂ ಆಗುತ್ತದೆ. ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಕಡಲು ಒಯ್ದ ಮರಳಿನಲ್ಲಿ ಸಾಕಷ್ಟು ಪಾಲು, ಮಳೆಗಾಲ ಕಳೆದ ಮೇಲೆ ವಾಪಸ್ ಬರುತ್ತದೆ. ಆಟಿಯಲ್ಲಿ ಮಾತ್ರ ಅಳೆದು ‘ಇಷ್ಟು ಜಾಗ ಹೋಯ್ತು’ ಅಂತ ಬರೆದರೆ ಗೋಡೆಯ ಲಾಭ ಸುಮ್ನೆ ಉಬ್ಬುತ್ತದೆ. ಮಾರ್ಚ್‌ನಲ್ಲೂ ಅಳೆಯಬೇಕು.

ಯಾರೂ ಕೇಳದ ಇನ್ನೊಂದು ವಿಷಯ, ಮುಂದೆ ಸಿಗುವ ಲಾಭವನ್ನು ಇವತ್ತಿನ ಬೆಲೆಗೆ ಇಳಿಸಲು ಹಿಡಿಯುವ ಬಡ್ಡಿ ದರ. 20 ವರ್ಷದ ನಂತರ ಸಿಗುವ 100 ರೂಪಾಯಿ ಲಾಭಕ್ಕೆ ಶೇ 10ರ ದರ ಹಿಡಿದರೆ ಇವತ್ತಿನ ಬೆಲೆ ಸುಮಾರು 15 ರೂಪಾಯಿ. ಶೇ 3 ಹಿಡಿದರೆ 55! ಉಳ್ಳಾಲದಲ್ಲಿ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲ ತಂದು ಮಾಡಿದ ಹಾಗೆ ಕಡಲೊಳಗೆ ರೀಫ್ (ಅಲೆಯ ಜೋರು ತಗ್ಗಿಸುವ ದಿಬ್ಬ) ಕಟ್ಟುವುದಾದರೆ ದೊಡ್ಡ ಮೊತ್ತವನ್ನು ಮೊದಲೇ ಸುರಿಯಬೇಕು, ಲಾಭ ನಿಧಾನ. ದರ ಜಾಸ್ತಿ ಹಿಡಿದಷ್ಟೂ ವರ್ಷವರ್ಷ ಕಲ್ಲು ಹಾಕುವುದೇ ಅಗ್ಗ ಅಂತ ಕಾಣುತ್ತದೆ. (ಗುತ್ತಿಗೆದಾರರಿಗೆ ಬೇಸರವೇನೂ ಆಗಲಿಕ್ಕಿಲ್ಲ.)

ನಿಮ್ಮೂರಿನ ಅಂದಾಜುಪಟ್ಟಿ ಬಂದಾಗ ಪಂಚಾಯತ್‌ನಲ್ಲಿ ಕೇಳಿ: ಹತ್ತು ವರ್ಷದ ರಿಪೇರಿ ಖರ್ಚು ಇದರಲ್ಲಿ ಸೇರಿದೆಯಾ? ಒಪ್ಪುವವರಿಗೆ ಬೇರೆ ಕಡೆ ಮನೆ ಕಟ್ಟಿಸಿಕೊಟ್ಟರೆ ಎಷ್ಟಾಗುತ್ತದೆ ಅಂತ ಹೋಲಿಸಿ ನೋಡಿದ್ದೀರಾ? ಹೋಲಿಸುವಾಗ, ದೂರ ಹೋದ ಮೀನುಗಾರ ದಿನಾ ಕಡಲಿಗೆ ಬಂದು ಹೋಗುವ ಬಸ್ ಚಾರ್ಜನ್ನೂ ಸೇರಿಸಲು ಹೇಳಿ.