ಗ್ಯಾಸ್ ರಿಂಗ್‌ಗಳ ಸೀಳು ಒಂದೇ ಸಾಲಿಗೆ ಬಂದರೆ ರೈಫಲ್ ಕೆಡುತ್ತದೆಯೇ?

ಪ್ರಶ್ನೆ: ನಾನು ಅಮೆರಿಕದಲ್ಲಿ ಗುರಿಕ್ರೀಡೆಗಾಗಿ ಎಆರ್-15 ರೈಫಲ್ ಬಳಸುತ್ತೇನೆ. ತೋಟಾದ ಹಿಂಬದಿಯನ್ನು ಮುಚ್ಚಿಹಿಡಿಯುವ ಬೋಲ್ಟ್ ಬಿಚ್ಚಿದಾಗಲೆಲ್ಲ ಅದರ ಮೂರು ಗ್ಯಾಸ್ ರಿಂಗ್‌ಗಳ ಸೀಳುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಲೇಬೇಕೇ?

ಉತ್ತರ: ತಿರುಗಿಸಿದರೆ ತಪ್ಪೇನಿಲ್ಲ, ಆದರೆ ಅದರಿಂದ ಸಿಗುವ ಲಾಭ ಅತ್ಯಲ್ಪ. ಯೂಜೀನ್ ಸ್ಟೋನರ್ ರೂಪಿಸಿದ ಈ ವಿನ್ಯಾಸದಲ್ಲಿ ನಳಿಕೆಯಿಂದ ಬರುವ ಅನಿಲವು ಗ್ಯಾಸ್ ಕೀ ಎಂಬ ಕೊಳವೆಯ ಮೂಲಕ, ಬೋಲ್ಟ್ ಅನ್ನು ಹೊತ್ತು ಹಿಂದೆಮುಂದೆ ಚಲಿಸುವ ಕ್ಯಾರಿಯರ್‌ನ ಒಳಹೊಕ್ಕು, ಬೋಲ್ಟ್‌ನ ಹಿಂಭಾಗದಲ್ಲಿ ಹಿಗ್ಗಿ, ಕ್ಯಾರಿಯರ್ ಅನ್ನು ಹಿಂದಕ್ಕೆ ತಳ್ಳುತ್ತದೆ. ಅಂದರೆ ಬೋಲ್ಟ್ ಇಲ್ಲಿ ಪಿಸ್ಟನ್‌ನ ಕೆಲಸ ಮಾಡುತ್ತದೆ, ರಿಂಗ್‌ಗಳು ಅದರ ಸುತ್ತ ಅನಿಲ ಸೋರದಂತೆ ತಡೆಯುತ್ತವೆ. ಗುಂಡು ಹಾರಿಸುವಾಗ ಅವು ತಾವಾಗಿಯೇ ಸರಿದಾಡುವುದರಿಂದ ನೀವು ಜೋಡಿಸಿಟ್ಟ ಸ್ಥಾನ ಉಳಿಯುವ ಭರವಸೆಯಿಲ್ಲ. ಸೀಳುಗಳ ದಿಕ್ಕಿಗಿಂತ ರಿಂಗ್‌ಗಳ ಸವೆತವೇ ಮುಖ್ಯ.

ಸವೆತವನ್ನು ತಿಳಿಯುವ ವಿಧಾನ ಸುಲಭ. ಮೊದಲು ಮ್ಯಾಗಜಿನ್ ತೆಗೆದು, ತೋಟಾ ಕೂರುವ ಗೂಡಾದ ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆಯೇ ಬೋಲ್ಟ್ ಕ್ಯಾರಿಯರ್ ಅನ್ನು ಹೊರತೆಗೆಯಿರಿ. ಬೋಲ್ಟ್ ಅನ್ನು ಪೂರ್ತಿ ಮುಂದಕ್ಕೆಳೆದು, ಅದರ ಮುಖ ಮೇಜಿಗೆ ತಾಗುವಂತೆ ಇಡೀ ಜೋಡಣೆಯನ್ನು ನೆಟ್ಟಗೆ ನಿಲ್ಲಿಸಿರಿ. ಕ್ಯಾರಿಯರ್ ತನ್ನ ಭಾರಕ್ಕೇ ಕೆಳಗೆ ಕುಸಿದರೆ ಮೂರೂ ರಿಂಗ್‌ಗಳನ್ನು ಒಟ್ಟಿಗೆ ಬದಲಾಯಿಸಬೇಕು.

ಈ ಪ್ರಶ್ನೆಗೆ ಸಿಗುವಷ್ಟು ಗಮನ ಇತರ ಭಾಗಗಳಿಗೆ ಸಿಗುತ್ತಿಲ್ಲವೆಂಬುದು ನನ್ನ ನಿಜವಾದ ಕಳವಳ. ಬೋಲ್ಟ್‌ನ ಏಳು ಲಗ್‌ಗಳ (ಅದನ್ನು ಬಿಗಿಯಾಗಿ ಹಿಡಿಯುವ ಹಲ್ಲುಗಳ) ಬುಡವನ್ನೂ ಬೋಲ್ಟ್ ಅನ್ನು ತಿರುಗಿಸುವ ಕ್ಯಾಮ್ ಪಿನ್ ತೂರುವ ರಂಧ್ರದ ಅಂಚನ್ನೂ ಮಸಿಯಿಲ್ಲದಂತೆ ಒರೆಸಿ, ಒಳ್ಳೆಯ ಬೆಳಕಿನಲ್ಲಿ ಬಿರುಕಿಗಾಗಿ ನೋಡಬೇಕು. ಬೋಲ್ಟ್ ಸಾಮಾನ್ಯವಾಗಿ ಒಡೆಯುವುದು ಈ ಎರಡು ಕಡೆಗಳಲ್ಲಿಯೇ, ಮತ್ತು ಕೂದಲೆಳೆಯಷ್ಟು ಬಿರುಕು ಕಂಡರೂ ಆ ಬೋಲ್ಟ್ ಅನ್ನು ಮತ್ತೆ ಬಳಸಬಾರದು. ಗ್ಯಾಸ್ ಕೀಯ ಎರಡು ಸ್ಕ್ರೂಗಳು ಸಡಿಲಗೊಳ್ಳದಂತೆ ಅವುಗಳ ತಲೆಯ ಬದಿಗೆ ಲೋಹವನ್ನು ಗುದ್ದಿ ಬಿಗಿಮಾಡಿರಬೇಕು. ಕೀ ಅಲುಗಾಡಿದರೆ ಅನಿಲ ಅಲ್ಲಿಯೇ ಸೋರಿ ರೈಫಲ್ ಅರ್ಧಕ್ಕೆ ನಿಲ್ಲುತ್ತದೆ, ಮಾಲೀಕರು ಮಾತ್ರ ರಿಂಗ್‌ಗಳನ್ನೇ ದೂರುತ್ತಿರುತ್ತಾರೆ.

ಖಾಲಿ ಕವಚವನ್ನು ಚೇಂಬರ್‌ನಿಂದ ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್‌ನ ಕೊಕ್ಕೆ ಸವೆದಿದೆಯೇ, ಅದರ ಸ್ಪ್ರಿಂಗ್‌ನಲ್ಲಿ ಬಿಗುವಿದೆಯೇ ಎಂಬುದನ್ನೂ ನೋಡಬೇಕು. ವಿಯೆಟ್ನಾಂ ಯುದ್ಧದಲ್ಲಿ ಎಆರ್-15ರ ಸೇನಾ ರೂಪವಾದ ಎಂ16ಗೆ ಕೆಟ್ಟ ಹೆಸರು ತಂದದ್ದು ಹಾರಿದ ತೋಟಾದ ಖಾಲಿ ಕವಚ ಚೇಂಬರ್‌ನಲ್ಲಿಯೇ ಸಿಕ್ಕಿಕೊಳ್ಳುವ ದೋಷ. ಮದ್ದಿನ ಬದಲಾವಣೆ, ಕ್ರೋಮ್ ಲೇಪನವಿಲ್ಲದ ಚೇಂಬರ್ ಮತ್ತು ಶುಚಿಗೊಳಿಸುವ ಸಾಮಗ್ರಿಯ ಕೊರತೆ ಒಟ್ಟುಸೇರಿ ಸೈನಿಕರ ಜೀವಕ್ಕೆ ಎರವಾದವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದನ್ನು ವಿಚಾರಣೆಗೆ ಎತ್ತಿಕೊಂಡಿತು.

ಬೋಲ್ಟ್‌ನ ಬಾಲದ ಮೇಲಿನ ಮಸಿಯನ್ನು ಹೊಳೆಯುವವರೆಗೆ ಕೆರೆಯುವ ಅಗತ್ಯವಿಲ್ಲ. ಕ್ಯಾರಿಯರ್ ಜಾರುವ ಪಟ್ಟಿಗಳು, ಕ್ಯಾಮ್ ಪಿನ್, ರಿಂಗ್‌ಗಳು ಮತ್ತು ಲಗ್‌ಗಳಿಗೆ ಎಣ್ಣೆ ಸವರಿದರೆ ಸಾಕು. ತೋಟಾವನ್ನು ಕುಟ್ಟಿ ಸಿಡಿಸುವ ಫೈರಿಂಗ್ ಪಿನ್ ಅನ್ನು ಹಿಡಿದಿಡುವ ಕಾಟರ್ ಪಿನ್‌ನ ಕಾಲುಗಳನ್ನು ಅಗಲಿಸಬೇಡಿ. ಮರುಜೋಡಿಸುವಾಗ ಕ್ಯಾಮ್ ಪಿನ್ ಸ್ವಸ್ಥಾನದಲ್ಲಿದೆಯೇ ಎಂದು ಮತ್ತೊಮ್ಮೆ ನೋಡಿರಿ. ಅದಿಲ್ಲದೆ ಬೋಲ್ಟ್ ತಿರುಗಿ ಬಿಗಿಯಾಗುವುದಿಲ್ಲ, ಆ ಸ್ಥಿತಿಯಲ್ಲಿ ಗುಂಡು ಹಾರಿದರೆ ರೈಫಲ್ ನಿಮ್ಮ ಮುಖದ ಬಳಿಯೇ ಸಿಡಿಯಬಹುದು.