ಮೊದಲು ಜನರೇಟರ್ ನೋಡಿ, ಆಮೇಲೆ ಎಂಜಿನ್ ಬಿಚ್ಚಿ

ಮಳೆಗಾಲ ಶುರುವಾಗುವ ಹೊತ್ತಿಗೆ ಸವಣೂರು ಕಡೆಯ ಒಬ್ಬರು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಒಂದು ಹಳೇ ವೆಲ್ಡಿಂಗ್ ಸೆಟ್ ಹೇರಿಕೊಂಡು ಹುಬ್ಬಳ್ಳಿಗೆ, ನನ್ನ ಹತ್ತಿರ ರಿಪೇರಿಗೆ ಬಂದರು. ಒಂದು ತುದಿಗೆ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಇನ್ನೊಂದು ತುದಿಗೆ ಡಿಸಿ ಜನರೇಟರ್, ಕೆಳಗೆ ಚಕ್ರ. ಅವರ ತಂದೆ ಕಾಲುವೆ ಕೆಲಸದ ಗುತ್ತಿಗೆದಾರರೊಬ್ಬರ ಹತ್ತಿರ ಕೊಂಡದ್ದಂತೆ. ಬೋರ್‌ವೆಲ್ ಕೇಸಿಂಗ್ ಪೈಪ್ ಬೆಸೆಯಲು, ಹೊಲದಲ್ಲೇ ಮುರಿದ ಟ್ರೇಲರ್ ರಿಪೇರಿಗೆ ಇಷ್ಟು ವರ್ಷ ದುಡಿದಿದೆ.

"ಇಂಜಿನ್ ಹೊಗಿ ಉಗುಳಾಕತ್ತೈತ್ರಿ ಅಣ್ಣಾರ. ಪಿಸ್ಟನ್, ಲೈನರ್ ನಾನ ತಂದೇನಿ. ಹಾಕಿಕೊಟ್ರ ಸಾಕು" ಅಂತ ಒಂದು ಡಬ್ಬಿ ಕೈಗೆ ಕೊಟ್ಟರು.

ಡಬ್ಬಿಯನ್ನು ಬೆಂಚಿನ ಮೇಲಿಟ್ಟು ನಾನು ಮೆಗ್ಗರ್, ಅಂದರೆ ವೈಂಡಿಂಗ್‌ನ ಇನ್ಸುಲೇಶನ್ ಅಳೆಯುವ ಮೀಟರ್, ತೆಗೆದೆ. ಅವರಿಗೆ ಅದು ಸರಿಬರಲಿಲ್ಲ. ಕೆಟ್ಟಿರುವುದು ಎಂಜಿನ್, ಇವನು ಜನರೇಟರ್ ಯಾಕೆ ಮುಟ್ಟುತ್ತಾನೆ ಅನ್ನುವ ಮುಖ.

ಇಂಥ ಸೆಟ್ಟಿನಲ್ಲಿ ಇರುವುದು ಎರಡು ಯಂತ್ರ. ಎಂಜಿನ್ ಸಾಮಾನು ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ. ಪಂಪ್‌ಸೆಟ್ ಅಂಗಡಿಯಲ್ಲಿ ಇಲ್ಲದಿದ್ದರೆ ಗುಜರಿಯಲ್ಲಿ, ಅಲ್ಲೂ ಇಲ್ಲದಿದ್ದರೆ ಲೇತ್ ಮೇಲೆ ಮಾಡಿಸಬಹುದು. ಆದರೆ ಜನರೇಟರ್ ಒಳಗೆ ತಿರುಗುವ, ತಂತಿ ಸುತ್ತಿದ ಆರ್ಮೇಚರ್ ಸುಟ್ಟಿದ್ದರೆ, ಅದರ ಮೇಲೆ ಕಾರ್ಬನ್ ಬ್ರಶ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ತೀರಾ ಸವೆದಿದ್ದರೆ, ಹೊಸದು ಯಾರೂ ಇಟ್ಟುಕೊಂಡಿರುವುದಿಲ್ಲ. ತಂತಿ ಹೊಸದಾಗಿ ಸುತ್ತಿಸುವ ರೀವೈಂಡಿಂಗ್ ಆಗುತ್ತದೆ, ಆದರೆ ತಾಮ್ರದ ಬೆಲೆ ಕೇಳಿದ ಮೇಲೆ ಹೆಚ್ಚಿನವರು ಸೆಟ್ಟನ್ನೇ ತೂಕಕ್ಕೆ ಹಾಕುತ್ತಾರೆ. ಅಷ್ಟರಲ್ಲಿ ಎಂಜಿನ್‌ಗೆ ರೊಕ್ಕ ಸುರಿದಿದ್ದರೆ ಅದೂ ಹೋಯಿತು, ಅಲ್ವಾ?

500 ವೋಲ್ಟ್ ಮೆಗ್ಗರ್ ಹಾಕಿದರೆ ವೈಂಡಿಂಗ್‌ಗೂ ಬಾಡಿಗೂ ನಡುವೆ 0.2 ಮೆಗಾಓಮ್ ತೋರಿಸಿತು. ಕನಿಷ್ಠ 1 ಆದರೂ ಬೇಕು. ಹಾಗಂತ ಗಾಬರಿಯಾಗಬೇಕಿಲ್ಲ. ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿ ನಿಂತ ಸೆಟ್ಟಿಗೆ ತೇವ ಹಿಡಿದೇ ಇರುತ್ತದೆ. ತಾಡಪಾಲಿನ ಒಳಗೆ ಎರಡು 200 ವ್ಯಾಟ್ ಬಲ್ಬ್ ಹಚ್ಚಿ ಎರಡು ದಿನ ಬಿಟ್ಟೆ. ಮೂರನೇ ದಿನ 5 ಮೆಗಾಓಮ್ ದಾಟಿತ್ತು.

ಆಮೇಲೆ ಹೊಗೆ ಕುಡಿಯುತ್ತಲೇ ಎಂಜಿನ್ ಓಡಿಸಿ, 1500 ಆರ್‌ಪಿಎಮ್‌ಗೆ ತಂದು, ಲೋಡ್ ಇಲ್ಲದೆ ವೋಲ್ಟೇಜ್ ನೋಡಿದೆ. 70ರ ಮೇಲೆ ಬರಬೇಕಾದಲ್ಲಿ ಬಂದದ್ದು 3 ವೋಲ್ಟ್. ಅಂದರೆ ಕಬ್ಬಿಣದಲ್ಲಿ ಉಳಿದಿರುವ ಅಯಸ್ಕಾಂತದ ಶಕ್ತಿ ಇದೆ, ಅಯಸ್ಕಾಂತ ಬಲ ಹುಟ್ಟಿಸುವ ಫೀಲ್ಡ್ ಕಾಯಿಲ್‌ಗೆ ಕರೆಂಟ್ ಹೋಗುತ್ತಿಲ್ಲ. ಪೂರಾ ಸೊನ್ನೆ ಬಂದಿದ್ದರೆ ಎಂಜಿನ್ ನಿಲ್ಲಿಸಿ 12 ವೋಲ್ಟ್ ಬ್ಯಾಟರಿಯನ್ನು ಎಕ್ಸೈಟರ್ (ಫೀಲ್ಡ್‌ಗೆ ಕರೆಂಟ್ ಕೊಡುವ ಸಣ್ಣ ಜನರೇಟರ್) ಬ್ರಶ್‌ಗಳಿಗೆ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಕೆಲವೇ ಸೆಕೆಂಡ್ ಮುಟ್ಟಿಸಿ ನೋಡುತ್ತಿದ್ದೆ. ಬಹಳ ದಿನ ನಿಂತ ಸೆಟ್ ಎಷ್ಟೋ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ. ಇಲ್ಲಿ ಅದರ ಅಗತ್ಯ ಬರಲಿಲ್ಲ. ಕರೆಂಟ್ ಹೆಚ್ಚುಕಡಿಮೆ ಮಾಡುವ ಗುಂಡಿಯ ಹಿಂದಿನ ರಿಯೋಸ್ಟಾಟ್‌ಗೆ ಒಂದು ವೈರ್ ತುಂಡು ಅಡ್ಡ ಹಾಕಿದೆ. ಮುಳ್ಳು ಒಂದೇ ಸಲ 80ಕ್ಕೆ ಜಿಗಿಯಿತು. ಸೆಟ್ಟಿನ ಜೀವ ಗಟ್ಟಿ ಇದೆ, ರಿಯೋಸ್ಟಾಟ್ ಮಾತ್ರ ಸತ್ತಿದೆ.

ಕಮ್ಯುಟೇಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಕವರ್ ತೆಗೆದು ಟಾರ್ಚ್ ಹಿಡಿದರೆ ತಾಮ್ರದ ಪಟ್ಟಿಗಳು ಕಾಣುತ್ತವೆ. ಒಂದೇ ಸಮ ಚಾಕಲೇಟ್ ಬಣ್ಣ ಇದ್ದರೆ ಆರೋಗ್ಯ. ನಡುವೆ ಒಂದೋ ಎರಡೋ ಪಟ್ಟಿ ಮಾತ್ರ ಕರ್ರಗೆ ಸುಟ್ಟಿದ್ದರೆ ಆ ಕಾಯಿಲ್ ಕಡಿದಿರಬಹುದು, ಇಲ್ಲವೇ ಶಾರ್ಟ್ ಆಗಿರಬಹುದು. ಆಗ ರೀವೈಂಡಿಂಗ್ ಅಂಗಡಿಯಲ್ಲಿ ಗ್ರೌಲರ್, ಅಂದರೆ ಆರ್ಮೇಚರ್ ಪರೀಕ್ಷಿಸುವ ಕರೆಂಟಿನ ಅಯಸ್ಕಾಂತ, ಅದರ ಮೇಲೆ ಇಡಿಸಿ. ಅದರ ಮೇಲೆ ಆರ್ಮೇಚರ್ ಇಟ್ಟು ಹ್ಯಾಕ್ಸಾ ಬ್ಲೇಡ್ ಹಿಡಿದು ತಿರುಗಿಸಿದರೆ, ಶಾರ್ಟ್ ಆದ ಕಾಯಿಲ್ ಬಂದಾಗ ಬ್ಲೇಡ್ ಗರ್ರ್ ಅಂತ ನಡುಗುತ್ತದೆ. ನಮ್ಮ ಸೆಟ್ಟಿನಲ್ಲಿ ಸುಟ್ಟದ್ದು ಏನೂ ಇರಲಿಲ್ಲ. ಬ್ರಶ್ ಓಡುವ ಜಾಗದಲ್ಲಿ ಮಾತ್ರ ಆಳವಾದ ಗಾಲಿ ದಾರಿ ಬಿದ್ದಿತ್ತು. ಕಾರಣ ಆಮೇಲೆ ತಿಳಿಯಿತು. ಯಾರೋ ಲಾರಿ ಸ್ಟಾರ್ಟರ್‌ನ ಬ್ರಶ್ ತುರುಕಿದ್ದರು. ಸ್ಟಾರ್ಟರ್ ಬ್ರಶ್‌ನಲ್ಲಿ ತಾಮ್ರ ಜಾಸ್ತಿ. ನಾಲ್ಕು ಸೆಕೆಂಡಿನ ಕೆಲಸಕ್ಕೆ ಮಾಡಿದ್ದನ್ನು ದಿನವಿಡೀ ಉಜ್ಜಿದರೆ ಕಮ್ಯುಟೇಟರ್ ಸವೆಯದೆ ಏನು ಮಾಡುತ್ತದೆ?

ಗೋಕುಲ ರೋಡಿನ ಒಂದು ಟರ್ನಿಂಗ್ ಶಾಪ್‌ನಲ್ಲಿ ಕಮ್ಯುಟೇಟರ್ ಸ್ಕಿಮ್ ಮಾಡಿಸಿದೆ, ಅಂದರೆ ಮೇಲ್ಮೈಯನ್ನು ತೆಳ್ಳಗೆ ಕಡಿಸಿ ಸಮ ಮಾಡಿಸಿದೆ. ಅವರದು ಹರಿಹರದ ಹಳೇ ಮೈಸೂರು ಕಿರ್ಲೋಸ್ಕರ್ ಲೇತ್, ಇನ್ನೂ ಕೂದಲೆಳೆ ತೆಗೆಯುತ್ತದೆ. ಆದರೆ ಸ್ಕಿಮ್ ಆದ ಮೇಲೆ ಕೆಲಸ ಮುಗಿಯಲಿಲ್ಲ. ಪಟ್ಟಿಗಳ ನಡುವಿನ ಮೈಕಾ (ಅಭ್ರಕ) ತಾಮ್ರದಷ್ಟು ಬೇಗ ಸವೆಯುವುದಿಲ್ಲ. ಅದು ಸಮಮಟ್ಟಕ್ಕೆ ನಿಂತರೆ ಬ್ರಶ್ ಕುಣಿದು ಕಿಡಿ ಹಾರುತ್ತದೆ. ಹ್ಯಾಕ್ಸಾ ಬ್ಲೇಡಿನ ಅಂಚನ್ನು ಗ್ರೈಂಡರ್‌ನಲ್ಲಿ ತೆಳ್ಳಗೆ ಮಾಡಿಕೊಂಡು, ಒಂದೊಂದೇ ಸಂದಿಯಲ್ಲಿ ಮೈಕಾವನ್ನು ಸುಮಾರು 0.8 ಮಿಮೀ ಕೆಳಕ್ಕೆ ಕೊರೆದೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಇದಕ್ಕೆ ಎಮರಿ ಪೇಪರ್ ಮಾತ್ರ ಮುಟ್ಟಿಸಬೇಡಿ, ಅದರ ಕಣ ತಾಮ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಕಟ್ಟಿಗೆಗೆ ಬಳಸುವ ಸ್ಯಾಂಡ್‌ಪೇಪರ್ ಸಾಕು.

ಬ್ರಶ್ ಹುಡುಕುವಾಗ ವೆಲ್ಡಿಂಗ್ ಸೆಟ್ಟಿನ ಹೆಸರು ಹೇಳಿದರೆ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಉದ್ದ, ಅಗಲ, ದಪ್ಪ ಹೇಳಿ, ಹಳೇ ಬ್ರಶ್ ಮೇಲೆ ಕೆತ್ತಿದ ಗ್ರೇಡ್ ನಂಬರ್ ತೋರಿಸಿ. ಅಳತೆ ಕೂಡದಿದ್ದರೆ ಅದೇ ಗ್ರೇಡಿನ ದೊಡ್ಡದನ್ನು ತಂದು ಕೊಯ್ದು, ಅರದಿಂದ ಅಳತೆಗೆ ತರಬಹುದು. ಬೇರಿಂಗ್ ಅಂತೂ ಇನ್ನೂ ಸುಲಭ. ನಮ್ಮದರಲ್ಲಿ 6310 ಅಂತಿತ್ತು. ಒಳಗೆ 50, ಹೊರಗೆ 110, ಅಗಲ 27 ಮಿಮೀ. ಯಾವ ಕಂಪನಿಯದಾದರೂ, ಯಾವ ದೇಶದ್ದಾದರೂ ಅದೇ ನಂಬರ್, ಅದೇ ಅಳತೆ.

ಈಗ ಡಬ್ಬಿಗೆ ಬರೋಣ. ಒಳಗಿದ್ದ ಪಿಸ್ಟನ್ 80 ಮಿಮೀ. ಎಂಜಿನ್ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ಅಳೆದರೆ 87.5. ಅವರು ಅಂಗಡಿಗೆ ಹೋಗಿ "ಕಿರ್ಲೋಸ್ಕರ್ ಪಿಸ್ಟನ್ ಕೊಡ್ರಿ" ಅಂದಿದ್ದರು, ಅಂಗಡಿಯವರು ಕೈಗೆ ಸಿಕ್ಕದ್ದು ಕೊಟ್ಟಿದ್ದರು. ನಮ್ಮ ಕಡೆ ಓಡುವ ಕಿರ್ಲೋಸ್ಕರ್ ಎವಿ1 ಎಂಜಿನ್‌ನ ಬೋರ್ 80, ಟಿವಿ1ರದ್ದು 87.5. ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಎರಡಕ್ಕೂ 110. ಹೊರಗಿಂದ ನೋಡಿದರೆ ಅಣ್ಣತಮ್ಮ. ಹಾಗಾಗಿ ಪೇಂಟ್ ಕೆರೆದು, ಪ್ಲೇಟ್ ಮೇಲಿನ ಮಾಡೆಲ್ ಮತ್ತು ಎಂಜಿನ್ ನಂಬರ್‌ನ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ. ಪ್ಲೇಟ್ ಇಲ್ಲದಿದ್ದರೆ ಹಳೇ ಪಿಸ್ಟನ್ನನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಪಿನ್ನಿನ ದಪ್ಪ, ರಿಂಗ್ ಎಷ್ಟು, ಪಿನ್ನಿಂದ ಮೇಲಕ್ಕೆ ಎತ್ತರ ಎಷ್ಟು, ಎಲ್ಲ ತಾಳೆ ನೋಡಿ. ಹಾಗೆ ತಾಳೆ ನೋಡಿದಾಗ 87.5 ಬೋರಿನ ಪಂಪ್‌ಸೆಟ್ಟಿನ ಪಿಸ್ಟನ್ನು, ಲೈನರು ನಮ್ಮ ಸೆಟ್ಟಿಗೆ ಕೂಡಿತು. ತಾಲೂಕಿನ ಪಂಪ್‌ಸೆಟ್ ಅಂಗಡಿಯಲ್ಲೇ ಸಿಗುವ ಸಾಮಾನು.

ಕ್ರ್ಯಾಂಕ್ ವಿಷಯದಲ್ಲಿ ಒಂದು ಎಚ್ಚರ. ಜರ್ನಲ್ (ಕ್ರ್ಯಾಂಕಿನ ಬೇರಿಂಗ್ ಕೂರುವ ಭಾಗ) ಸವೆದಿದೆ ಅಂತ ಮೊದಲೇ ಗ್ರೈಂಡಿಂಗ್‌ಗೆ ಕೊಡಬೇಡಿ. 0.25 ಮಿಮೀ ಅರೆದ ಜರ್ನಲ್‌ಗೆ ಕೂಡುವುದು ಇದೆಯಾ, 0.50ಕ್ಕೆ ಕೂಡುವುದು ಇದೆಯಾ ಅಂತ ಬೇರಿಂಗ್ ಶೆಲ್ ಕೇಳಿ, ಕೈಗೆ ತಗೊಂಡು, ಆ ಅಳತೆಗೆ ಅರೆಸಿ. ಒಮ್ಮೆ ನಾನೇ 0.75ಕ್ಕೆ ಅರೆಸಿ, ಶೆಲ್ ಸಿಗದೆ ತಿಂಗಳುಗಟ್ಟಲೆ ಕೂತಿದ್ದೇನೆ. ಗ್ಯಾಸ್ಕೆಟ್‌ಗಳಿಗೆ, ಹೆಡ್ ಗ್ಯಾಸ್ಕೆಟ್ ಒಂದು ಬಿಟ್ಟು, ಅಲೆಯಬೇಡಿ. ಪ್ಯಾಕಿಂಗ್ ಶೀಟನ್ನು ಕವರಿನ ಮೇಲಿಟ್ಟು, ಗುಂಡುತಲೆ ಸುತ್ತಿಗೆಯಿಂದ ಅಂಚಿನುದ್ದ ಮೆಲ್ಲಗೆ ಟಕ್ ಟಕ್ ಬಡಿಯುತ್ತ ಹೋದರೆ ಕಾಗದ ತಾನಾಗಿ ಕತ್ತರಿಸಿಕೊಳ್ಳುತ್ತದೆ.

ಇಂಥ ಸೆಟ್ಟಿನ ರಿಪೇರಿ ಇಂಟರ್ನೆಟ್‌ನಲ್ಲಿ ಹುಡುಕಿದರೆ ಬರುವುದು ಹೆಚ್ಚಾಗಿ ಅಮೆರಿಕದ ಲಿಂಕನ್ ಎಸ್‌ಎ-200 ವೆಲ್ಡಿಂಗ್ ಸೆಟ್. ಅಲ್ಲಿನ ಪೈಪ್‌ಲೈನ್ ವೆಲ್ಡರ್‌ಗಳಿಗೆ ಅದು ನಮ್ಮ ಕಿಲಾರಿ ಎತ್ತು ಇದ್ದ ಹಾಗೆ. ಅದರಲ್ಲೂ ಇದೇ ಕಥೆ. ಮಷೀನಿನ ಕೋಡ್ ನಂಬರ್ ಬೇರೆ, ಎಂಜಿನ್ ನಂಬರ್ ಬೇರೆ. ಅದರ ಕಾಂಟಿನೆಂಟಲ್ ಎಫ್162 ಎಂಜಿನ್ ಫೋರ್ಕ್‌ಲಿಫ್ಟ್‌ಗಳಲ್ಲೂ ಇತ್ತು, ಹಾಗಾಗಿ ಎಂಜಿನ್ ಸಾಮಾನನ್ನು ಅಲ್ಲಿಂದಲೂ ಹುಡುಕುತ್ತಾರೆ.

ಗದಗಿನ ಒಬ್ಬ ಹುಡುಗ ಹೋದ ವಾರ ಫೋನ್ ಮಾಡಿ, "ಸರ್, ಹಳೇ ಎಂಜಿನ್ ತೆಗದು ಮನ್ಯಾಗಿನ ಐದು ಎಚ್‌ಪಿ ಪಂಪ್ ಎಂಜಿನ್ ಕೂಡಿಸ್ಲೇನ್ರಿ?" ಅಂತ ಕೇಳಿದ. ಲೆಕ್ಕ ಹಾಕಿ ನೋಡಿ. ವೆಲ್ಡಿಂಗ್‌ಗೆ 200 ಆಂಪ್, 28 ವೋಲ್ಟ್ ಅಂದರೆ 5600 ವ್ಯಾಟ್ ಆರ್ಕ್‌ನಲ್ಲೇ ಬೇಕು. ಐದು ಎಚ್‌ಪಿ ಅಂದರೆ ಸುಮಾರು 3700 ವ್ಯಾಟ್. ಜನರೇಟರ್ ತಿನ್ನುವ ಪಾಲು ಬೇರೆ. ರಾಡ್ ಮುಟ್ಟಿಸಿದ ಕೂಡಲೇ ಎಂಜಿನ್ ಕುಸಿಯುತ್ತದೆ. ಸಾಕಷ್ಟು ಬಲದ ಎಂಜಿನ್ ಸಿಕ್ಕಿತು ಅನ್ನಿ, ತಿರುಗುವ ದಿಕ್ಕನ್ನೂ ನೋಡಬೇಕು. ಉಲ್ಟಾ ತಿರುಗಿದರೆ ಜನರೇಟರ್ ವೋಲ್ಟೇಜ್ ಕಟ್ಟುವುದೇ ಇಲ್ಲ.

ಸವಣೂರಿನ ಸೆಟ್ಟಿಗೆ ಕಡೆಗೆ ಉಳಿದದ್ದು ರಿಯೋಸ್ಟಾಟ್. ಪಿಂಗಾಣಿ ಮೇಲಿನ ತಂತಿ ಒಂದು ಕಡೆ ಕಡಿದಿತ್ತು. ಉಳಿದ ತುಂಡುಗಳ ಓಮ್ ಅಳೆದು ಕೂಡಿಸಿದರೆ ನಲವತ್ತರ ಹತ್ತಿರ ಬಂತು. ಫೀಲ್ಡ್ ಕರೆಂಟ್ 4 ಆಂಪ್ ಒಳಗೆ. ಅಂಥ ಗುಂಡಿ ಎಲ್ಲೂ ಸಿಗಲಿಲ್ಲ. ಹಳೇ ಹುಬ್ಬಳ್ಳಿಯ ಗುಜರಿಯಲ್ಲಿ ಯಾವುದೋ ಕಾಲೇಜಿನ ಲ್ಯಾಬ್ ಖಾಲಿ ಮಾಡಿದ ಸಾಮಾನು ಬಿದ್ದಿತ್ತು. ಅದರೊಳಗೆ ಪಿಯುಸಿಯಲ್ಲಿ ನಾವೆಲ್ಲ ಎಳೆದಾಡಿದ ಉದ್ದ ಕೊಳವೆಯ ರಿಯೋಸ್ಟಾಟ್, 45 ಓಮ್, 5 ಆಂಪ್. ಕೈ ತಾಗದಂತೆ ಜಾಳಿಗೆಯ ಡಬ್ಬಿ ಮಾಡಿ ಕೂರಿಸಿದೆ. ಕರೆಂಟ್ ಬದಲಿಸಲು ಅವರು ಈಗ ಗುಂಡಿ ತಿರುಗಿಸುವುದಿಲ್ಲ, ಹಿಡಿಕೆ ಎಳೆಯುತ್ತಾರೆ.