ಚಂದ್ರನ ಕತ್ತಲ ಕುಳಿಯಲ್ಲಿ ನೀರು

ಬಾವಿಯಿಂದ ಒಂದು ಕೊಡ ನೀರು ಹೊತ್ತು ತಂದವರಿಗೆ ನೀರಿನ ಭಾರ ಗೊತ್ತು. ಅದೇ ಕೊಡವನ್ನು ಚಂದ್ರನ ಮೇಲೆ ಇಳಿಸಬೇಕು ಅಂದರೆ? ಭೂಮಿಯ ಸೆಳೆತ ದಾಟೋಕೆ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗ ಬೇಕು. ಚಂದ್ರನಿಂದ ಹೊರಡಲು 2.4 ಕಿ.ಮೀ. ಸಾಕು. ನೀರು ಅಲ್ಲೇ ಸಿಕ್ಕರೆ ಕುಡಿಯಬಹುದು. ಅದನ್ನು ಒಡೆದು ಉಸಿರಾಡಲು ಆಮ್ಲಜನಕ ಪಡೆಯಬಹುದು, ಜಲಜನಕ ಸೇರಿಸಿ ರಾಕೆಟ್‌ಗೆ ಇಂಧನವನ್ನೂ ತುಂಬಿಸಬಹುದು. ದೇಶಗಳ ಪೈಪೋಟಿ ಜಾಸ್ತಿ ಇರುವುದು ಈ ನೀರಿಗೇ. ಚಂದ್ರನ ಮಣ್ಣಿನಲ್ಲಿರುವ ಹೀಲಿಯಂ-3 ಎಂಬ ಅನಿಲದ ಬಗ್ಗೆ ತುಂಬಾ ಮಾತು ಕೇಳುತ್ತೇವೆ, ಆದರೆ ಅದರ ಪರಮಾಣುಗಳನ್ನು ಬೆಸೆದು ವಿದ್ಯುತ್ ಕೊಡುವ ಸ್ಥಾವರವೇ ಇನ್ನೂ ಎಲ್ಲೂ ಇಲ್ಲ.

ಚಂದ್ರ ಪೂರ್ತಿ ಒಣಗಿದ ನೆಲ ಅಂತ ಬಹಳ ಕಾಲ ನಂಬಿದ್ದರು. ಬೆಂಗಳೂರಿನಲ್ಲಿ ಸಿದ್ಧವಾಗಿ 2008ರಲ್ಲಿ ಹೋದ ನಮ್ಮ ಚಂದ್ರಯಾನ-1 ಆ ನಂಬಿಕೆಯನ್ನು ಅಲ್ಲಾಡಿಸಿತು. ಅದರಲ್ಲಿದ್ದ ನಾಸಾದ ಉಪಕರಣವೊಂದು ಮಣ್ಣಿನಲ್ಲಿ ನೀರಿನ ಗುರುತು ಕಂಡಿತು. 2009ರ ಅಕ್ಟೋಬರ್‌ನಲ್ಲಿ ನಾಸಾ ರಾಕೆಟ್ಟಿನ ಖಾಲಿ ಭಾಗವೊಂದನ್ನು ದಕ್ಷಿಣ ಧ್ರುವದ ಹತ್ತಿರದ ಕೇಬಿಯಸ್ ಕುಳಿಗೆ ಬೇಕಂತಲೇ ಅಪ್ಪಳಿಸಿತು. ಎದ್ದ ಧೂಳಿನಲ್ಲಿ ತೂಕದ ಲೆಕ್ಕಕ್ಕೆ ಶೇ. 5ರಷ್ಟು ನೀರಿತ್ತು.

ಧ್ರುವದಲ್ಲೇ ಯಾಕೆ? ಚಂದ್ರನ ಅಕ್ಷ ವಾಲಿರುವುದು ಬರೀ ಒಂದೂವರೆ ಡಿಗ್ರಿ. ಧ್ರುವದಲ್ಲಿ ನಿಂತರೆ ಸೂರ್ಯ ತಲೆ ಮೇಲೆ ಬರುವುದೇ ಇಲ್ಲ, ದಿಗಂತದ ಅಂಚಿನಲ್ಲೇ ಸುತ್ತು ಹಾಕುತ್ತಾನೆ. ದಕ್ಷಿಣ ಧ್ರುವದ ಷ್ಯಾಕಲ್‌ಟನ್ ಕುಳಿ ನೋಡಿ: ಅಗಲ ಸುಮಾರು 21 ಕಿ.ಮೀ., ಆಳ 4 ಕಿ.ಮೀ. ಮೇಲಿನ ದಿಣ್ಣೆಗಳಿಗೆ ವರ್ಷದ ಬಹುಪಾಲು ಅಡ್ಡ ಬಿಸಿಲು. ತಳಕ್ಕೆ ಕೋಟ್ಯಂತರ ವರ್ಷಗಳಿಂದ ಒಂದು ಕಿರಣವೂ ಬಿದ್ದಿಲ್ಲ. ಅಲ್ಲಿನ ಚಳಿ ಮೈನಸ್ 180 ಡಿಗ್ರಿಗಿಂತಲೂ ಕೆಳಗೆ. ದಿಣ್ಣೆಯಲ್ಲಿ ಸೌರ ಫಲಕ, ಪಕ್ಕದ ತಗ್ಗಿನಲ್ಲಿ ಮಂಜುಗಡ್ಡೆ. ಎರಡೂ ಒಟ್ಟಿಗೆ ಸಿಗುವ ಜಾಗಗಳು ತೀರಾ ಕಡಿಮೆ. ಅವಸರ ಹುಟ್ಟುವುದು ಇಲ್ಲೇ.

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನ ನೆಲ ಯಾವ ದೇಶದ್ದೂ ಅಲ್ಲ. ಅಗೆದು ತೆಗೆದದ್ದು ಯಾರದ್ದು? ಅದನ್ನು ಒಪ್ಪಂದ ಬಿಡಿಸಿ ಹೇಳಿಲ್ಲ. ತೆಗೆದವರದ್ದೇ ಅಂತ ಅಮೆರಿಕ 2015ರಲ್ಲಿ ತನ್ನ ಕಂಪನಿಗಳಿಗೆ ಕಾನೂನು ಮಾಡಿಕೊಟ್ಟಿತು. ಚಂದ್ರನಲ್ಲಿ ಹೇಗೆ ಕೆಲಸ ಮಾಡಬೇಕು ಎನ್ನುವ, ಅದರ ಮುಂದಾಳತ್ವದ ಆರ್ಟೆಮಿಸ್ ಒಪ್ಪಂದಕ್ಕೆ ಭಾರತ 2023ರ ಜೂನ್‌ನಲ್ಲಿ ಸಹಿ ಹಾಕಿದೆ. ಚೀನಾ ಮತ್ತು ರಷ್ಯಾ ಸೇರಿ ಬೇರೆಯೇ ನೆಲೆ ಕಟ್ಟಲು ಹೊರಟಿವೆ. ಕೆಲಸದ ಜಾಗದ ಸುತ್ತ ‘ಸುರಕ್ಷತಾ ವಲಯ’ ಇರಲಿ ಎನ್ನುತ್ತದೆ ಆರ್ಟೆಮಿಸ್. ನನಗೆ ಆತಂಕ ಆಗುವುದು ಈ ಮಾತಿಗೆ. ನೆಲ ನನ್ನದಲ್ಲ ಎನ್ನುತ್ತಲೇ ಮೊದಲು ಹೋದವರು ಒಳ್ಳೆಯ ದಿಣ್ಣೆಗೆ ಬೇಲಿ ಹಾಕಿಬಿಡಬಹುದು, ಅಲ್ವಾ?

ಇಷ್ಟಕ್ಕೂ ಆ ಮಂಜುಗಡ್ಡೆ ಗಟ್ಟಿ ಪದರವಾಗಿದೆಯೋ, ಮಣ್ಣಿನಲ್ಲಿ ಪುಡಿಯಾಗಿ ಬೆರೆತಿದೆಯೋ ಎನ್ನುವುದರ ಮೇಲೆ ಎಲ್ಲ ಲೆಕ್ಕವೂ ನಿಂತಿದೆ. ಅದನ್ನು ಕೊರೆದು ನೋಡಲೆಂದೇ ಭಾರತ ಮತ್ತು ಜಪಾನ್ ಸೇರಿ ಚಂದ್ರಯಾನ-5ಕ್ಕೆ ತಯಾರಿ ನಡೆಸಿವೆ.